ಭುವನನ ಅಳತೆ

ಗದಗ–ಬೆಟಗೇರಿ
ಅಧಿಕ ಮೇ ೯, ೨೧೬೦

ಮುತ್ತಜ್ಜಿ ಕಸ್ತೂರಿಗೆ, ನಿನ್ನ ಮೊಮ್ಮಗನ ಮಗಳು ತಾರಿಣಿಯ ನಮಸ್ಕಾರ.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡ. ನಿಮ್ಮ ಕಾಲದಲ್ಲಿ ಜೂನ್‌ಗೆ ಬರುತ್ತಿದ್ದ ಮಳೆ ನಮ್ಮಲ್ಲಿ ತಡ ಮಾಡತೊಡಗಿತು. ಶಾಲೆ ತೆರೆಯುವುದೂ ತಡವಾಯಿತು. ಆ ನಡುವಿನ ಬಿಸಿಲನ್ನು ಜನ ತಮಾಷೆಗೆ ‘ಅಧಿಕ ಮೇ’ ಅಂದರು, ಕೊನೆಗೆ ಸರ್ಕಾರವೇ ಅದನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿತು. ನಿನ್ನನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ಎರಡು ದಿನ ಯೋಚಿಸಿದೆ. ಸಂಬಂಧದಲ್ಲಿ ನೀನು ಮುತ್ತಜ್ಜಿ. ಆದರೆ ನಾನು ಬರೆಯುತ್ತಿರುವುದು ೨೦೨೬ರ ಕಸ್ತೂರಿಗೆ, ಅವಳಿಗೆ ಮೂವತ್ತೊಂಬತ್ತು, ನನಗೆ ಎಪ್ಪತ್ತೇಳು. ನಮ್ಮ ಮನೆಯಲ್ಲಿ ಅಜ್ಜಿಯರನ್ನೂ ಮಕ್ಕಳನ್ನೂ ಏಕವಚನದಲ್ಲೇ ಕರೆಯುತ್ತೇವೆ, ಹಾಗಾಗಿ ಹೇಗೂ ‘ನೀನು’ ಸರಿಹೋಗುತ್ತದೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಕಂಡರೆ ಕ್ಷಮಿಸು, ನಡುವೆ ನೂರಮೂವತ್ತನಾಲ್ಕು ವರ್ಷ ಕೂತಿದೆ. ಈ ಪತ್ರ ನಿನಗೆ ತಲುಪುವುದಿಲ್ಲ ಎಂದೂ ಗೊತ್ತು. ನಮ್ಮವರು ಏನೇನೋ ಕಂಡುಹಿಡಿದಿದ್ದಾರೆ, ಹಿಂದಕ್ಕೆ ಹೋಗುವ ಅಂಚೆ ಮಾತ್ರ ಇನ್ನೂ ಇಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ನಿನಗೆ ವಿಳಾಸ ಸಿಗದ ಪತ್ರಗಳೇನೂ ಹೊಸವಲ್ಲ.

ಬರೆಯುವ ಕಾರಣ ಇಷ್ಟು. ನೀನು ಊಟದ ವಿರಾಮದಲ್ಲಿ ನಿನ್ನ ಅಕ್ಕ ಸರೋಜಾಳಿಗೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ನನ್ನ ಬಳಿ ಇವೆ. ನಿನ್ನ ಮಗಳು ಮೇಘನಾ, ಅಂದರೆ ನನ್ನ ಅಜ್ಜಿ, ಅವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುತ್ತಾ ಕಾಪಾಡಿದಳು. ಹಿಂದೆ ಸೈಕಲ್ ಬೆಲ್ಲು, ಯಾರೋ ಡಬ್ಬಿ ಮುಚ್ಚಳ ತೆರೆಯುವ ಸದ್ದು, ಸೀಲು ಹೊಡೆಯುವ ಟಪ್ ಟಪ್ ಎಲ್ಲ ಕೇಳಿಸುತ್ತದೆ. ಅದಕ್ಕಾಗಿಯೇ ಎಷ್ಟೋ ಸಲ ಹಾಕಿಕೊಂಡು ಕೂರುತ್ತೇನೆ. ಕೊನೆಯ ಮೆಸೇಜಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೀಯ: “ಈಗೇನೋ ನಾ ಅದೀನಿ. ನಾ ಹ್ವಾದ ಮ್ಯಾಲೆ ಇವಂದು ಯಾರು ಬದಲಸ್ತಾರಕ್ಕಾ?” ಅದಕ್ಕೆ ಸರೋಜಾ ಏನೆಂದಳೋ ಗೊತ್ತಿಲ್ಲ, ಅವಳು ಕಳಿಸಿದ ಮೆಸೇಜುಗಳು ಉಳಿದಿಲ್ಲ. ಆ ಪ್ರಶ್ನೆ ಹಾಗೇ ಬಾಯಿ ತೆರೆದುಕೊಂಡು ಕೂತಿರುವುದು ನನ್ನಿಂದ ಸಹಿಸಲಾಗುವುದಿಲ್ಲ. ಉತ್ತರ ಬರೆಯಲು ಕೂತಿದ್ದೇನೆ.

ಆದರೆ ಮುದುಕಿಯ ಚಾಳಿ, ಮೊದಲಿನಿಂದ ಹೇಳದೆ ಸಮಾಧಾನವಿಲ್ಲ. ನಿನಗೆ ಗೊತ್ತಿರುವುದನ್ನು ನಿನಗೇ ಹೇಳುತ್ತೇನೆ, ಸುಮ್ಮನೆ ಕೇಳು. ನಿನ್ನ ಮಗ ಭುವನನಿಗೆ ಆಗ ಹನ್ನೊಂದು. ಆಟಿಸಂ ಇದ್ದ ಹುಡುಗ, ಮಾತು ಮೂರೋ ನಾಲ್ಕೋ. ಮೂತ್ರ ಬರುವುದು ಅವನಿಗೆ ತಿಳಿಯುತ್ತಿದ್ದದ್ದು ಬಂದ ಮೇಲೆ. ಪುಟ್ಟ ಮಕ್ಕಳ ಡೈಪರಿನ ಅತಿ ದೊಡ್ಡ ಸೈಜು ಕೂಡ ಪಕ್ಕದಲ್ಲಿ ಹರಿದುಹೋಗುತ್ತಿತ್ತು. ದೊಡ್ಡವರದ್ದು ತಂದರೆ ಅವನು ನಡೆದಾಗ ಅದು ಪರಪರ ಸದ್ದು ಮಾಡುತ್ತಿತ್ತು, ಆ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ನಿಂತುಬಿಡುತ್ತಿದ್ದ. ಇಲಾಸ್ಟಿಕ್ ತಾಗಿದ ಜಾಗವನ್ನು ಕೆರೆದು ಕೆಂಪು ಮಾಡಿಕೊಳ್ಳುತ್ತಿದ್ದ, ಒಳಗಿನ ಹತ್ತಿಯನ್ನು ಕಿತ್ತು ಕೋಣೆ ತುಂಬಾ ಹರಡುತ್ತಿದ್ದ. ಮೆಡಿಕಲ್ ಶಾಪಿನವನು ಪ್ರತಿ ಸಲವೂ ನೀನು ಕೇಳದೆಯೇ ಆ ಪ್ಯಾಕೆಟನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರು ಹಾಕಿ ಕೊಡುತ್ತಿದ್ದನಂತೆ. ಕದ್ದ ಮಾಲೇನೋ ಅನ್ನುವ ಹಾಗೆ. ನಿನ್ನ ದನಿಯಲ್ಲಿ ಸಿಟ್ಟು ಕೇಳಿಸುವುದು ಅಲ್ಲೊಂದೇ ಕಡೆ, ನನಗೂ ಅಲ್ಲೇ ಸಿಟ್ಟು ಬರುತ್ತದೆ.

ಆಮೇಲೆ ವ್ಯಾನಿನ ಸಂಗತಿ. ವಿಶೇಷ ಮಕ್ಕಳ ಶಾಲೆಗೆ ಭುವನ ಹೋಗುತ್ತಿದ್ದದ್ದು ಆ ವ್ಯಾನಿನಲ್ಲಿ. ವಾರದಲ್ಲಿ ಮೂರು ಸಲ ಸೀಟು ಒದ್ದೆಯಾಯಿತು. ಡ್ರೈವರ್ ಕೆಟ್ಟವನಲ್ಲ, ತಲೆ ಕೆರೆದುಕೊಳ್ಳುತ್ತಾ ಹೇಳಿದ: “ಅಕ್ಕಾರ, ಇನ್ನೊಮ್ಮೆ ಹಿಂಗಾದ್ರ ನಾ ಕರಕೊಂಡ್ ಹೋಗಾಕ ಆಗಂಗಿಲ್ರಿ. ಉಳದ ಹುಡುಗ್ರ ಮನಿಯವರು ನನಗ ಬೈತಾರ.” ವ್ಯಾನು ತಪ್ಪಿದರೆ ಶಾಲೆ ತಪ್ಪುತ್ತದೆ, ಶಾಲೆ ತಪ್ಪಿದರೆ ನಿನ್ನ ಕೆಲಸ ತಪ್ಪುತ್ತದೆ. ಹುಡುಗ ಮತ್ತೆ ನಾಲ್ಕು ಗೋಡೆಯೊಳಗೆ.

ಮುತ್ತಜ್ಜಿ, ಈಗ ನಿನ್ನ ತಪ್ಪು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ತಪ್ಪು ನಿನ್ನೊಬ್ಬಳದಲ್ಲ, ನಮ್ಮ ಸೀಮೆಯದ್ದೇ. ಮಕ್ಕಳಿಗೆ ಏನು ತಂದರೂ ಒಂದು ಸೈಜು ದೊಡ್ಡದು ತರುವ ಜನ ನಾವು. ಬೂಟಿನ ತುದಿಗೆ ಹತ್ತಿ ತುರುಕಿ, ಅಂಗಿಯ ತೋಳು ಮಡಚಿ, ಚೊಣ್ಣಕ್ಕೆ ಪಿನ್ನು ಹಾಕಿ ಮೂರು ವರ್ಷ ನಡೆಸುತ್ತೇವೆ. ಅಂಗಡಿಯವನೂ ಅದನ್ನೇ ಹೇಳಿದ: “ಬೆಳೆಯೋ ಹುಡುಗ ಅದಾನ್ರೀ, ಒಂದ್ ಸೈಜ್ ದೊಡ್ಡದ ಒಯ್ರಿ.” ನಿನ್ನ ಅತ್ತೆಯೂ ಅದನ್ನೇ ಹೇಳಿದರು. ನೀನು ದೊಡ್ಡವರ ಡೈಪರಿನಲ್ಲಿ ಎಲ್ ಸೈಜು ತಂದೆ. ಸೋರಿತು. ದೊಡ್ಡದಾದರೆ ಹೆಚ್ಚು ಹಿಡಿದೀತು ಎಂದು ಎಕ್ಸ್‌ಎಲ್ ತಂದೆ. ಇನ್ನೂ ಸೋರಿತು. ಒಂದರ ಮೇಲೊಂದು ಎರಡು ಹಾಕಿದೆ. ಒಳಗಿನದರ ಹೊರಮೈ ಪ್ಲಾಸ್ಟಿಕ್ಕು, ಒಂದು ಹನಿಯನ್ನೂ ಹೊರಗಿನದಕ್ಕೆ ದಾಟಿಸಲಿಲ್ಲ, ಹುಡುಗ ಕಾಲು ಅಗಲಿಸಿ ನಡೆಯುವುದಷ್ಟೇ ಆಯಿತು. ಕೊನೆಗೆ ಬೆಳಗ್ಗೆ ಅವನಿಗೆ ನೀರು ಕೊಡುವುದನ್ನೇ ಕಡಿಮೆ ಮಾಡಿದೆ. ಆ ಮೆಸೇಜು ಕೇಳಿದಾಗ, ಎಪ್ಪತ್ತೇಳರ ಹೆಂಗಸು ನಾನು, ಯಂತ್ರದ ಮುಂದೆ ಕೂತು “ಬೇಡ ಕಸ್ತೂರಿ, ನೀರು ಕೊಡು” ಎಂದು ಗದರಿದ್ದೇನೆ. ನಾಲ್ಕೇ ದಿನದಲ್ಲಿ ಅವನಿಗೆ ಮಲ ಕಟ್ಟಿತು, ಕಟ್ಟಿದ ಹೊಟ್ಟೆ ಮೂತ್ರದ ಚೀಲವನ್ನು ಒತ್ತಿ ಸೋರುವುದು ಇಮ್ಮಡಿಯಾಯಿತು. ಡಾಕ್ಟರಮ್ಮ ಬೈದರು. ನೀನು ಬೈಸಿಕೊಂಡು ಬಂದು ಅಕ್ಕನ ಹತ್ತಿರ ಅತ್ತುಬಿಟ್ಟೆ, ನೀರು ಮಾತ್ರ ಅವತ್ತೇ ಕೊಟ್ಟೆ.

ಈ ಗಂಟು ಬಿಡಿಸಿದವಳು ಖಾಜಾಬಿ. ಬೆಟಗೇರಿಯಲ್ಲಿ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಹೆಂಗಸು. ಭುವನ ಅಂಗಡಿಯ ಗದ್ದಲಕ್ಕೆ ಒಳಗೆ ಬರುವುದಿಲ್ಲವೆಂದು ಅವಳೇ ಟೇಪು ಕೊರಳಿಗೆ ಹಾಕಿಕೊಂಡು ಮನೆಗೆ ಬಂದಿದ್ದಳು. ನೀನು ಎಂದಿನಂತೆ ಎರಡು ಇಂಚು ಒಳಗೆ ಬಿಟ್ಟು ಹೊಲಿಯಲು ಹೇಳಿದೆ. ಮಾತಿಗೆ ಮಾತು ಬಂದು ಸೋರುವ ಕಥೆಯನ್ನೂ ಹೇಳಿದೆ, ಎಕ್ಸ್‌ಎಲ್ ಪ್ಯಾಕೆಟನ್ನೂ ತೋರಿಸಿದೆ. ಅವಳು ಅದನ್ನು ಬಿಡಿಸಿ ತನ್ನ ನಡುವಿಗೇ ಹಿಡಿದು ನೋಡಿ ನಕ್ಕಳಂತೆ. ಅವಳ ಮಾತನ್ನು ನೀನು ಅವಳ ದನಿಯಲ್ಲೇ ಅಕ್ಕನಿಗೆ ಆಡಿ ತೋರಿಸಿದ್ದೀಯ: “ಅಂಗಿ ಚೊಣ್ಣಕ್ಕ ಬೇಕಂದ್ರ ನಾಕ ಇಂಚ್ ಬಿಡ್ತೀನವ್ವಾ. ಒಳಗ ಹಾಕ್ಕೊಳ್ಳೋದಕ್ಕ ಯಾರರೆ ಬಿಡ್ತಾರೇನು? ತೊಡಿ ಹತ್ರ ಸಂದಿ ಇದ್ರ ಅದು ಹೊರಗ ಬರದ ಏನ್ ಮಾಡ್ತೈತಿ?” ಭುವನನಿಗೆ ಟೇಪು ಹಿಡಿದಳು, ನಡು ಇಪ್ಪತ್ತನಾಲ್ಕು ಇಂಚು, ತೊಡೆ ಹದಿನಾರು. ಹನ್ನೊಂದು ವರ್ಷದಲ್ಲಿ ಅವನನ್ನು ಅದಕ್ಕಾಗಿ ಅಳೆದವಳು ಅವಳೇ ಮೊದಲು. ಬೇಕಾಗಿದ್ದದ್ದು ದೊಡ್ಡವರ ಸೈಜಿನಲ್ಲಿ ಎಲ್ಲಕ್ಕಿಂತ ಚಿಕ್ಕದು, ಅಂಗಡಿಯ ಮೇಲಿನ ಅಟ್ಟದಲ್ಲಿ ದೂಳು ಹಿಡಿದು ಕೂತಿದ್ದದ್ದು.

ಆದರೆ ನಾನು ಖಾಜಾಬಿಯನ್ನು ಪ್ರೀತಿಸುವುದು ಅಳತೆಗಾಗಿ ಅಲ್ಲ. ಪರಪರ ಸದ್ದು ಅಡಗಿಸಲು ಮೇಲೊಂದು ಬಟ್ಟೆಯ ಚೊಣ್ಣ ಹೊಲಿಯುತ್ತೇನೆಂದು ಐದು ತುಂಡು ಬಟ್ಟೆ ತಂದವಳು, ನಿನ್ನ ಕೈಗೆ ಕೊಡದೆ ಅವನ ಮುಂದೆ ಇಟ್ಟಳು. ನೀನು ಆರಿಸಲು ಹೋದಾಗ ಕೈ ಹಿಡಿದು ನಿಲ್ಲಿಸಿದಳು. ಅವನು ಒಂದೊಂದನ್ನೂ ಕೆನ್ನೆಗೆ ಉಜ್ಜಿ ನೋಡಿ, ನಾಲ್ಕನ್ನು ತಳ್ಳಿ, ಬೂದು ಬಣ್ಣದ ಬನಿಯನ್ ಬಟ್ಟೆಯನ್ನು ಇಟ್ಟುಕೊಂಡು “ಮೆತ್ತಗ” ಅಂದ. ಮೈಗೆ ಚುಚ್ಚುವ ಲೇಬಲ್ ಇಲ್ಲದೆ, ಹೊಲಿಗೆ ಹೊರಕ್ಕೆ ಬರುವಂತೆ ಅವಳು ಹೊಲಿದಳು. ಸೋಮವಾರ ಹಾಕಿಕೊಂಡು ವ್ಯಾನು ಹತ್ತಿದ, ಸಂಜೆಯವರೆಗೂ ಸೀಟು ಒದ್ದೆಯಾಗಲಿಲ್ಲ. ಆ ಸಂಜೆಯ ಮೆಸೇಜು ಆರು ಸೆಕೆಂಡಿನದು. “ಅಕ್ಕಾ, ಒಣಗೇತಿ” ಎಂದು ಹೇಳಿ ನೀನು ಉಸಿರು ಬಿಡುವುದು ಕೇಳಿಸುತ್ತದೆ, ಅಷ್ಟೇ. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ನನಗೇ ಲೆಕ್ಕವಿಲ್ಲ.

ನಮ್ಮ ಕಾಲದ ಸಂಗತಿ ಸ್ವಲ್ಪ ಹೇಳಲೇ? ನಮ್ಮಲ್ಲಿ ಡೈಪರಿಗೆ ‘ಹೀರುಚೊಣ್ಣ’ ಎನ್ನುತ್ತೇವೆ. ಪುಂಡಿ ಗಿಡದ ನಾರಿನಿಂದ ಮಾಡುತ್ತಾರೆ. ಸೊಪ್ಪು ಪಲ್ಲೆಗೆ, ದಂಟು ಹೀರುಚೊಣ್ಣಕ್ಕೆ, ಬಳಸಿದ್ದು ಗುಂಡಿಯಲ್ಲಿ ತಿಂಗಳೊಳಗೆ ಗೊಬ್ಬರ. ದಿನಸಿ ಅಂಗಡಿಯಲ್ಲಿ ಬೆಲ್ಲದ ಪಕ್ಕದಲ್ಲೇ ಇಟ್ಟಿರುತ್ತಾರೆ, ಯಾರೂ ಪೇಪರು ಸುತ್ತುವುದಿಲ್ಲ. ಬಸ್ ನಿಲ್ದಾಣದಲ್ಲಿ ‘ಬದಲಿಕೋಣೆ’ ಇದೆ, ಆರಡಿ ಆಳು ಮಲಗುವಷ್ಟು ಉದ್ದದ ಹಲಗೆ, ಬೆಚ್ಚನೆಯ ನೀರು, ಸದ್ದು ಮಾಡದ ಬಾಗಿಲು. ನೀನು ಭುವನನನ್ನು ನಿಲ್ದಾಣದ ಹಿಂದಿನ ಗೋಡೆಯ ಮರೆಯಲ್ಲಿ ನಿಲ್ಲಿಸಿ ಸೆರಗು ಅಡ್ಡ ಹಿಡಿದ ಕಥೆ ಕೇಳಿದವಳು ನಾನು, ಆ ಕೋಣೆಯ ಮುಂದೆ ಹಾದಾಗಲೆಲ್ಲ ನಿನ್ನ ನೆನಪಾಗುತ್ತದೆ. ಓಣಿಗೊಬ್ಬರಂತೆ ‘ಅಳತೆಗಾರ್ತಿ’ಯರು ಇದ್ದರು. ಮನೆಗೆ ಬಂದು, ನೆಲದ ಮೇಲೆ ಕೂತು, ಮಗು ಹತ್ತಿರ ಬರುವ ತನಕ ಕಾದು ಅಳೆಯುವವರು. ನಾನೂ ನಲವತ್ತು ವರ್ಷ ಅದೇ ಕೆಲಸ ಮಾಡಿದೆ. ಈಗ ‘ಅಳತೆಕಣ್ಣು’ ಎಂಬ ಯಂತ್ರ ಬಂದಿದೆ, ಅದರ ಮುಂದೆ ಮೂರು ಕ್ಷಣ ಅಲುಗಾಡದೆ ನಿಂತರೆ ಸಾಕಂತೆ. ಅಲುಗಾಡದೆ ನಿಲ್ಲುವ ಮಗುವಿಗೆ ಯಾವ ಕಷ್ಟವಿದೆ ಎಂದು ನಾನು ಕಚೇರಿಯಲ್ಲಿ ಕೇಳಿದೆ. ಆ ಹುಡುಗಿ ನನ್ನ ಹೆಸರು ಬರೆದುಕೊಂಡಳು, ಉತ್ತರ ಬಂದಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಳ್ಳಬೇಡ ಎನ್ನಲು ಹೇಳಿದೆ.

ನಾನು ಕಂಡ ಭುವನ ಬೇರೆಯೇ, ಭುವನಜ್ಜ. ಬೆಳ್ಳಿ ತಲೆ, ಅಗಲ ಪಾದ, ಬೆಳಗಿನ ತಂಪಿನಲ್ಲಿ ಕಟ್ಟೆಯ ಮೇಲೆ ಕೂರುತ್ತಿದ್ದ. ಮುಖ ನೋಡುತ್ತಿರಲಿಲ್ಲ, ಹತ್ತಿರ ಹೋದರೆ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಯಾರೆಂದು ತಿಳಿಯುತ್ತಿದ್ದ. ಹೊಸ ಅಂಗಿ ಹಾಕಿಕೊಂಡ ದಿನ ನಾನು ಅವನಿಗೆ ಅಪರಿಚಿತಳು, ನಾಲ್ಕು ಸಲ ಒಗೆದ ಮೇಲೆ ಮತ್ತೆ ಮನೆಯವಳು. ಯುಗಾದಿಯ ಬೆಳಗ್ಗೆ ಎಣ್ಣೆಸ್ನಾನಕ್ಕೆ ಮುಂಚೆ ಮೇಘನಜ್ಜಿ ಟೇಪು ತಂದು ಅವನ ನಡು ಅಳೆಯುತ್ತಿದ್ದಳು. ಅವನೊಬ್ಬನದೇ ಅಳೆದರೆ ಅವನಿಗೆ ಸಿಟ್ಟು. ಹಾಗಾಗಿ ನಮ್ಮೆಲ್ಲರ ನಡುವನ್ನೂ ಅಳೆಯಬೇಕು, ಅಪ್ಪನ ಹೊಟ್ಟೆಯ ಅಳತೆ ಕೇಳಿ ಮನೆಯೆಲ್ಲ ನಗಬೇಕು, ಆಮೇಲೆಯೇ ಬೇವು ಬೆಲ್ಲ. ಆ ಬೆಳಗುಗಳು ಈಗಿಲ್ಲ. ಒಬ್ಬಳೇ ಇರುವವಳು ತನ್ನ ನಡುವನ್ನು ಅಳೆದುಕೊಂಡು ಯಾರಿಗೆ ಹೇಳಬೇಕು.

ಇನ್ನು ಉತ್ತರ. ನೀನು ಹೋದ ದಿನವನ್ನು ನಾನು ಬರೆಯುವುದಿಲ್ಲ, ಅದು ನಿನಗೆ ಬೇಡ. ಅವತ್ತಿನ ಸಂಜೆಯಿಂದ ಮೇಘನಜ್ಜಿ ಬದಲಿಸಿದಳು. ಅವಳ ಗಂಡ ಮೊದಲ ವರ್ಷ ಭುವನಜ್ಜನ ಕೋಣೆಯತ್ತ ಸುಳಿಯಲಿಲ್ಲ, ಅವಳು ಬೆನ್ನುನೋವೆಂದು ಮಲಗಿದ ದಿನ ತಾನೇ ಎದ್ದು ಹೋದ, ಆಮೇಲೆ ಇಪ್ಪತ್ತು ವರ್ಷ ಬೆಳಗಿನ ಸರದಿ ಅವನದೇ. ಬಳಿಕ ನನ್ನ ಅಪ್ಪ. ಅಪ್ಪ ಕೈ ಮುರಿದುಕೊಂಡಾಗ ಸರದಿ ನನ್ನದಾಯಿತು, ನನಗೆ ಹದಿನಾರು. ಮನೆಯ ಪದ್ಧತಿ ಇಷ್ಟೇ ಇತ್ತು: ಬಾಗಿಲು ತಟ್ಟು, ಬಟ್ಟೆ ತೋರಿಸು, ಅವನು ಮುಟ್ಟಿ ನೋಡುವ ತನಕ ಕಾಯಿ. ಎಂಬತ್ತು ದಾಟಿದ ಮನುಷ್ಯನ ಮುಂದೆ ನಾಚಿಕೆಯಿಂದ ಕಣ್ಣೀರೇ ಬಂತು. ಅವನು ಬಟ್ಟೆ ಮುಟ್ಟಿ, ನನ್ನ ತೋಳು ಮುಟ್ಟಿ, “ಮೆತ್ತಗ” ಅಂದು, ತಾನಾಗಿಯೇ ಸೊಂಟ ಎತ್ತಿಕೊಟ್ಟ. ಅಲ್ಲಿಂದ ಎರಡು ವರ್ಷ ನಾನು ಬದಲಿಸಿದೆ. ಎಂಬತ್ತಾರನೆಯ ವಯಸ್ಸಿನಲ್ಲಿ, ಒಂದು ಬುಧವಾರ ಮಧ್ಯಾಹ್ನ ಊಟವಾದ ಮೇಲೆ, ಮಲಗಿದವನು ಏಳಲಿಲ್ಲ. ನೆಂಟರು ಬರುವ ಮುಂಚೆ ನಾನು ಹೀರುಚೊಣ್ಣ ತೆಗೆದುಕೊಂಡು ಕೋಣೆಗೆ ಹೋದೆ. ಇನ್ನು ಯಾಕೆ ಎಂದು ಅಪ್ಪ ಅಂದ. ನಾನು ಬಾಗಿಲು ತಟ್ಟಿ, ಬಟ್ಟೆಯನ್ನು ಅವನ ಬೆರಳಿಗೆ ತಾಗಿಸಿ, ಎಂದಿನಷ್ಟೇ ಹೊತ್ತು ಕಾದು, ಬದಲಿಸಿದೆ.

ಎಪ್ಪತ್ತೈದು ವರ್ಷ ಒಂದು ದಿನವೂ ಅವನು ಒದ್ದೆಯಲ್ಲಿ ಕೂತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೂತಿದ್ದ, ನಮ್ಮ ಸೋಮಾರಿತನಕ್ಕೆ, ನಮ್ಮ ಜಗಳಗಳ ನಡುವೆ, ಕೆಲವು ಸಲ. ಆದರೆ ಅವನು ಕೂಗಿದಾಗ ಯಾರೂ ಬರದ ದಿನ ಇರಲಿಲ್ಲ, ಮುತ್ತಜ್ಜಿ. ಒಂದೂ ಇರಲಿಲ್ಲ.

ತಾರಿಣಿ