ತೆಗೆದಿಟ್ಟ ಕಮಾನು ಪಟ್ಟಿ

ಪ್ರೀತಿಯ ಅಕ್ಕ,

ಕಾಗದ ಬಿಚ್ಚಿದೊಡನೆ ನನ್ನ ಕೋಳಿಕಾಲಿನ ಅಕ್ಷರಕ್ಕೆ ಬೈಯುತ್ತೀಯ, ಗೊತ್ತು. ಬೈದುಕೊಂಡೇ ಓದು. ಎದುರು ನಿಂತು ಹೇಳುವ ಧೈರ್ಯ ನಾಲ್ಕು ವರ್ಷವಾದರೂ ಬರಲಿಲ್ಲ.

ಆ ಕೆಂಪು ಪಿಕಪ್ ಟ್ರಕ್ಕು ನಿನ್ನೆ ಮತ್ತೆ ನಮ್ಮ ಗ್ಯಾರೇಜಿಗೆ ಬಂತು. ಈಗ ಅದಕ್ಕೆ ಬೇರೆ ಯಜಮಾನ. ನೆನಪಿದೆಯಲ್ಲ, ಎಂಜಿನ್ನಿಗೆ ಆನೆಬಲ, ಎಳೆಯುವುದು ಮಾತ್ರ ಹಿಂದಿನ ಎರಡೇ ಚಕ್ರ, ಅವುಗಳ ಮೇಲೆ ಭಾರವೇ ಇಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ರಗಳ ನಡುವಿನ ಆಕ್ಸಲ್ ದಂಡ ತಿರುಚಿಕೊಂಡು, ಚಕ್ರಗಳು ರಸ್ತೆ ಹಿಡಿಯದೆ ಕುಪ್ಪಳಿಸುತ್ತಿದ್ದವು. ಅದನ್ನು ನಿಲ್ಲಿಸಲು ಆಕ್ಸಲ್‌ನಿಂದ ಗಾಡಿಯ ಅಡಿ ಚೌಕಟ್ಟಿಗೆ ಎರಡು ಸರಳು ಕೂರಿಸಿದವಳು ನೀನು. ಎರಡು ದಿನ ಅಂಗಾತ ಮಲಗಿ ಅಳೆದು, ವೆಲ್ಡ್ ಮಾಡಿ ಎದ್ದವಳೇ ಹೇಳಿದ್ದೆ: "ಈ ಎತ್ತರಕ್ಕೇ ಸರಳಿನ ಓರೆ ಹೊಂದಿಸಿದೀನಿ ಕಣೋ. ಇನ್ನು ಸ್ಪ್ರಿಂಗಿನ ಕಮಾನು ಪಟ್ಟಿ ಮುಟ್ಟಿದ್ರೆ ಕೈ ಮುರೀತೀನಿ."

ನಾನು ಮುಟ್ಟಿದೆ ಅಕ್ಕ. ಗಾಡಿಯ ಹಿಂಭಾಗ ತಗ್ಗಿದರೆ ಚೆಂದ ಎಂದು ಆಗಿನ ಯಜಮಾನನಿಗೆ ಆಸೆ. ಅದೇನು ಮಹಾ ಎಂದು, ನೀನು ರಜೆ ಹಾಕಿದ ದಿನ ಗಾಡಿಯನ್ನು ಎತ್ತಿ ಹಿಡಿದಿದ್ದ ಪಟ್ಟಿಗಳಲ್ಲಿ ಎರಡೂ ಕಡೆಯಿಂದ ಒಂದೊಂದನ್ನು ತೆಗೆದೆ. ಗಾಡಿ ತಗ್ಗಿ ನಿನ್ನ ಸರಳಿನ ಓರೆ ತಪ್ಪಿತು, ಓಡಿಸಿದರೆ ಚಕ್ರ ಮತ್ತೆ ಕುಪ್ಪಳಿಸಿತು. ಪಟ್ಟಿ ವಾಪಸ್ ಹಾಕುವುದು ಬಿಟ್ಟು, ಹಿಂದೆ ಎರಡು ಮರಳಿನ ಮೂಟೆ ಇಟ್ಟು ಟಾರ್ಪಾಲು ಎಳೆದೆ. ಭಾರಕ್ಕೆ ಚಕ್ರ ತೆಪ್ಪಗಾಯಿತು. ಯಜಮಾನ ಭೇಷ್ ಎಂದ, ನಾನು ಹಲ್ಲು ಕಿರಿದೆ.

ಅವನು ಒಂದು ದಿನ ಮೂಟೆ ಕಂಡು, ಇದ್ಯಾಕೆ ಎಂದು ಇಳಿಸಿದ. ಒದ್ದೆ ರಸ್ತೆಯ ತಿರುವಿನಲ್ಲಿ ಚಕ್ರ ಕುಪ್ಪಳಿಸಿ, ಗಾಡಿ ಜಾರಿ ಗೋಡೆಗೆ ಬಡಿಯಿತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದವನು "ಯಾರ್ರೀ ಸರಳು ಕೂರಿಸಿದ್ದು?" ಎಂದಾಗ ನಾನು "ಅಕ್ಕ" ಎಂದೆ. ಸುಳ್ಳೇನೂ ಅಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇನ್ನಷ್ಟು ಹೇಸಿಗೆ. ಗಾಡಿ ತೋರಿಸಿ ಎಂದು ನೀನು ಕೇಳಿದೆ. ಇನ್ನು ನೀವು ಮುಟ್ಟುವುದೇ ಬೇಡ ಎಂದ. ನೀನು ನನ್ನ ಕಡೆ ನೋಡಿದೆ. ನಾನು ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನು ಮತ್ತೆ ಒರೆಸುತ್ತಿದ್ದೆ.

"ನನ್ನ ಕೈ ಸೋತಿದೆ ಅನ್ಸುತ್ತೆ ಕಣೋ" ಎಂದು ವೆಲ್ಡಿಂಗ್ ಮುಖವಾಡವನ್ನು ಮೊಳೆಗೆ ತಗುಲಿಸಿ ಹೋದೆ. ಈಗ ಪರದೆ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುವ ಮೀಟರು ಕೋಲು ಹಿಡಿದು ನಿಲ್ಲುತ್ತೀಯ. ನಿನ್ನ ಮನೆಗೆ ಬಂದಾಗಲೆಲ್ಲ ನೀನು ಬಡಿಸಿದ್ದನ್ನು ತಲೆ ಎತ್ತದೆ ಉಂಡು ಎದ್ದಿದ್ದೇನೆ. ನಾಚಿಕೆ ಎನ್ನುವ ಮಾತು ಸಾಲದು.

ನಿನ್ನೆ ಗಾಡಿಯ ಕೆಳಗೆ ನುಸುಳಿದೆ. ನಿನ್ನ ವೆಲ್ಡಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಎಸೆಯಲಾರದೆ, ತೋರಿಸಲಾರದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ಎರಡು ಪಟ್ಟಿಗಳನ್ನು ತೆಗೆದು ಕೂರಿಸಿದೆ. ಅಂಗಳಕ್ಕೆ ನೀರು ಸುರಿದು ಜೋರಾಗಿ ಒತ್ತಿದೆ. ಮೂಟೆ ಇರಲಿಲ್ಲ. ಚಕ್ರ ಒಮ್ಮೆಯೂ ಕುಪ್ಪಳಿಸಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತೆ.

ಬೆಳಿಗ್ಗೆ ಹಳೆಯ ಯಜಮಾನನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಕೂಗಾಡಲಿಲ್ಲ. "ನಿಮ್ಮಕ್ಕಂಗೆ ಹೇಳಿದ್ರಾ?" ಎಂದ. ಇನ್ನೂ ಇಲ್ಲ ಎಂದೆ. "ಥೂ, ಮೊದ್ಲು ಅಲ್ಲಿಗೆ ಹೋಗ್ಬೇಕಿತ್ತು" ಎಂದು ಬಾಗಿಲು ಹಾಕಿಕೊಂಡ.

ಅಲ್ಲಿಂದ ಬಂದು ನೇರ ಈ ಕಾಗದಕ್ಕೆ ಕೂತೆ. ಮುಖವಾಡ ಅದೇ ಮೊಳೆಯಲ್ಲಿದೆ. ವಾಪಸ್ ಬಾ ಎನ್ನುವ ಯೋಗ್ಯತೆ ನನಗಿಲ್ಲ. ನಿನ್ನ ಕೈ ಸೋತಿರಲಿಲ್ಲ ಅಕ್ಕ, ಅಷ್ಟು ತಿಳಿದುಕೋ.

ನಿನ್ನ ಹೊಟ್ಟೆ ತಣ್ಣಗಿರಲಿ. ನನ್ನನ್ನು ಹರಸು ಎಂದು ಈ ಸಲ ಕೇಳುವುದಿಲ್ಲ.

ಕೈ ಮುರಿಸಿಕೊಳ್ಳಬೇಕಾಗಿದ್ದ,
ನಿನ್ನ ತಮ್ಮ