ನಮ್ಮ ವಿಭಾಗಕ್ಕೆ ಮೇಷ್ಟರಮ್ಮ ಸಿಕ್ಕರು

ಭಾನುವಾರ, ಮಾರ್ಚ್ ೧೭

ನನ್ನ ಮುದ್ದು ಪುಟ್ಟಾ,

ನಲವತ್ತೈದಾದ ಗಂಡಸನ್ನು ಹೀಗೆ ಕರೆಯುವುದಕ್ಕೆ ಕ್ಷಮೆ ಕೇಳುವುದಿಲ್ಲ. ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯದೆ ಇದ್ದುದಕ್ಕೆ ಮಾತ್ರ ಕೇಳುತ್ತೇನೆ. ಬೆನ್ನುನೋವು ಹೇಗಿದೆ? ಆ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಹೋಗುವಾಗ ಕೈಗವಸು ಹಾಕಿಕೊಳ್ಳುತ್ತೀಯಾ, ಇಲ್ಲ ಅದೇ ಹಳೇ ಉಡಾಫೆಯಾ? ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಅಂದರೆ, ಐವತ್ತೆಂಟರ ನಿನ್ನ ಅಕ್ಕ ಮೊನ್ನೆ ಆಫೀಸಿನ ಕಾರಿಡಾರಿನಲ್ಲಿ ಓಡಿ ಚಪ್ಪಲಿ ಕಿತ್ತುಕೊಂಡಿದ್ದಾಳೆ! ಫೋನಿನಲ್ಲಿ ಹೇಳೋಣವೆಂದರೆ, ನಿನಗೆ ಸಿಗುವ ಹತ್ತು ನಿಮಿಷದ ಬಿಡುವಿಗೆ ಹಿಡಿಸುವ ಕಥೆಯಲ್ಲ ಇದು.

ನಮ್ಮ ರಾಜ್ಯಶಾಸ್ತ್ರ ವಿಭಾಗಕ್ಕೆ ವಲಸೆ ರಾಜಕಾರಣ ಕಲಿಸುವ ಪ್ರಾಧ್ಯಾಪಕರು ಸಿಕ್ಕರು ಕಣೋ. ನಾಲ್ಕು ವರ್ಷದಿಂದ ಖಾಲಿ ಬಿದ್ದಿದ್ದ ಹುದ್ದೆ. ಮೊನ್ನೆ ಶುಕ್ರವಾರ ಸಂಜೆ ನಾಲ್ಕರೊಳಗೆ ನೇಮಕದ ಕಡತಕ್ಕೆ ಸಹಿ ಬೀಳದಿದ್ದರೆ ಹುದ್ದೆಯೇ ರದ್ದಾಗುತ್ತಿತ್ತು. ವಿಭಾಗದ ಮುಖ್ಯಸ್ಥೆ ನಾನು. ನಿವೃತ್ತಿಗೆ ಇನ್ನೆರಡು ವರ್ಷ. ಇವಳ ಕಾಲದಲ್ಲೇ ಹೋಯಿತು ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ.

ಬುಧವಾರ ಮೂವರನ್ನು ಕರೆದಿದ್ದೆವು. ಮೊದಲು ನಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಪಾಠ, ಆಮೇಲೆ ಸಂದರ್ಶನ. ಮೊದಲಿನವರು ಪರದೆಯ ಮೇಲಿದ್ದುದನ್ನೇ ಒಂದಕ್ಷರ ಬಿಡದೆ ಓದಿದರು. ಎರಡನೆಯವರು ತಾವು ಬರೆದ ಪುಸ್ತಕಗಳ ಪಟ್ಟಿ ಹೇಳಿ ಮುಗಿಸುವಷ್ಟರಲ್ಲೇ ಗಂಟೆ ಹೊಡೆಯಿತು. ಮೂರನೆಯವರು ನಲವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಒಂದು ಸೀಮೆಸುಣ್ಣ, ಅಷ್ಟೇ. ಬಂದವರೇ ಕೇಳಿದರು, “ನಿಮ್ಮಲ್ಲಿ ಯಾರ ಅಜ್ಜಿ ಹುಟ್ಟಿದ ಊರಲ್ಲೇ ಕಣ್ಣು ಮುಚ್ಚಿದ್ರು? ಕೈ ಎತ್ತಿ ನೋಡೋಣ.”

ಅರವತ್ತು ಮಂದಿಯಲ್ಲಿ ನಾಲ್ಕು ಕೈ.

“ಹಾಗಾದ್ರೆ ನಾನು ಬೇರೆ ಯಾರದೋ ವಿಷಯ ಹೇಳೋಕೆ ಬಂದಿಲ್ಲ ಬಿಡಿ,” ಎಂದರು.

ಆಮೇಲೆ ಒಬ್ಬಳನ್ನು ಮೇಜಿನ ಹಿಂದೆ ಅಧಿಕಾರಿಯಾಗಿ ಕೂರಿಸಿ, ಉಳಿದವರನ್ನು ಬಾಗಿಲಿನವರೆಗೂ ಸಾಲಾಗಿ ನಿಲ್ಲಿಸಿದರು. ಹೆಸರು ಬರೆದ ಚೀಟಿ ಕೊಟ್ಟರೆ ಒಳಗೆ ಪ್ರವೇಶ. ಐದು ಜನ ದಾಟಿದರೋ ಇಲ್ಲವೋ, “ಇನ್ಮೇಲೆ ಕೆಂಪು ಶಾಯಿಯಲ್ಲೇ ಬರೀಬೇಕು” ಎಂದರು. ಇನ್ನೈದು ಜನಕ್ಕೆ, “ಅಜ್ಜನ ಹೆಸರೂ ಬೇಕು.” ಮೊದಮೊದಲು ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲಾಮೇಲೆ ನಗು ನಿಂತಿತು. ಕೊನೆಯಲ್ಲಿ ನಿಂತಿದ್ದವಳನ್ನು ಕೇಳಿದರು, “ನಿನಗೆ ಅಲ್ಲಿಂದ ಏನು ಕಾಣ್ತಿತ್ತಮ್ಮ?”

“ಮುಂದಿನವನ ಬೆನ್ನು, ಮೇಡಂ.”

“ಬರ್ಕೊಳ್ಳಿ. ಕಾನೂನು ಮಾಡೋನಿಗೆ ಮೇಜು ಕಾಣತ್ತೆ, ಕಾಯೋನಿಗೆ ಬೆನ್ನು ಕಾಣತ್ತೆ. ನಮ್ಮ ಪಾಠ ಇರೋದು ಇವೆರಡರ ಮಧ್ಯೆ.”

ಪುಟ್ಟಾ, ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನೂ ಅದನ್ನು ಬರೆದುಕೊಂಡೆ. ಹತ್ತೊಂಬತ್ತು ವರ್ಷದಿಂದ ನೀನು ಯಾರ ಬೆನ್ನು ನೋಡುತ್ತ ನಿಂತಿದ್ದೀಯೋ. ಈ ದೇಶದಿಂದ ಒಮ್ಮೆ ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ ಅಕ್ಕಾ ಎಂದು ನೀನು ಹೇಳಿದ್ದನ್ನು ನಾನು ನೆಪವೆಂದೇ ತಿಳಿದಿದ್ದೆ.

ಇರಲಿ, ಕಥೆಗೆ ಬರುತ್ತೇನೆ. ಇವರೇ ಆಗಬೇಕೆಂದು ಸಮಿತಿಯೆಲ್ಲ ಒಂದೇ ಬಾಯಲ್ಲಿ ಹೇಳಿತು. ಒಬ್ಬರನ್ನು ಬಿಟ್ಟು. ನಮ್ಮ ಕುಲಸಚಿವರು, ಅವರನ್ನು ನಾವು ಬೆನ್ನ ಹಿಂದೆ ‘ನಿಯಮಪ್ಪ’ ಎನ್ನುತ್ತೇವೆ. ಸಂದರ್ಶನದಲ್ಲಿ ಅವರು ಕನ್ನಡಕ ಮೇಲೇರಿಸಿ, “ಡಾಕ್ಟರೇಟಿನ ಮೂಲ ಪದವಿಪತ್ರ ಎಲ್ಲಿ? ಇದು ಬರೀ ಜೆರಾಕ್ಸು,” ಎಂದರು.

ಆಕೆ ತಣ್ಣಗೆ ಹೇಳಿದರು, “ಆ ದೇಶದ ಯುದ್ಧದಲ್ಲಿ ನಾನು ಓದಿದ್ದ ವಿಶ್ವವಿದ್ಯಾಲಯವೇ ಉಳೀಲಿಲ್ಲ, ಸರ್. ನಾನು ಹೊರಟಾಗ ಎರಡೇ ಚೀಲ. ಒಂದ್ರಲ್ಲಿ ಮಗಳ ಬಟ್ಟೆ, ಇನ್ನೊಂದ್ರಲ್ಲಿ ನಾನು ಮಾತಾಡಿಸಿದ್ದ ಜನರ ಟೇಪುಗಳು. ಪದವಿಪತ್ರ ಗೋಡೆ ಮೇಲಿತ್ತು.”

“ಮೂಲಪ್ರತಿ ಇಲ್ದೆ ನಾನು ಸಹಿ ಹಾಕೋ ಹಾಗಿಲ್ಲ,” ಎಂದು ನಿಯಮಪ್ಪ ಕಡತ ಮುಚ್ಚಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರಿಗೆ ಬಾಯಿಗೆ ಬಂದದ್ದು ಅಂದೆ. ಅವರು ಕಡತ ಎತ್ತಿಕೊಂಡು ಹೋದರು.

ಗುರುವಾರ ಮಧ್ಯಾಹ್ನ ಅದೇ ನಿಯಮಪ್ಪ ನನ್ನ ಕೋಣೆಗೆ ಬಂದರು, ಕಂಕುಳಲ್ಲಿ ದಪ್ಪ ಪುಸ್ತಕ. “ಇಪ್ಪತ್ತೆರಡನೇ ನಿಯಮದ ಅಡಿಟಿಪ್ಪಣಿ ಓದಿ, ಮೇಡಂ.” ಪದವಿ ಕೊಟ್ಟ ಸಂಸ್ಥೆಯೇ ನಾಶವಾಗಿದ್ದರೆ, ಪ್ರಬಂಧವನ್ನು ಪರೀಕ್ಷಿಸಿದ ಪ್ರಾಧ್ಯಾಪಕರು ಕೈಯಾರೆ ಬರೆದ ದೃಢೀಕರಣ ಸಾಕಂತೆ! “ನಿಯಮದಲ್ಲಿ ಬರೀ ಬೀಗ ಇರಲ್ಲ ಮೇಡಂ, ಕೀಲೀನೂ ಇರತ್ತೆ. ಯಾರೂ ಪೂರ್ತಿ ಓದಲ್ಲ ಅಷ್ಟೆ,” ಎಂದರು. ಇನ್ನು ಮೇಲೆ ಆ ಅಡ್ಡಹೆಸರು ನನ್ನ ಬಾಯಲ್ಲಿ ಬರುವುದಿಲ್ಲ.

ಪ್ರಬಂಧದ ಪ್ರತಿಯಲ್ಲಿದ್ದ ಪರೀಕ್ಷಕರ ಹೆಸರು ಹಿಡಿದು ವಿಚಾರಿಸಿದೆ. ಬದುಕಿದ್ದವರು ಒಬ್ಬರೇ, ಆಗ ನಮ್ಮ ಕಡೆಯಿಂದ ಹೊರಗಿನ ಪರೀಕ್ಷಕರಾಗಿದ್ದ ಎಂಬತ್ತನಾಲ್ಕರ ಮುದುಕರು, ಮೂರು ಗಂಟೆಯ ಬಸ್ ದಾರಿ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಅವರ ಮಗಳು ಬಾಗಿಲು ತೆಗೆದು, “ಅಪ್ಪನಿಗೆ ಈಗ ನನ್ನ ಹೆಸರೇ ಒಂದೊಂದು ಸಲ ಮರೆತುಹೋಗತ್ತೆ,” ಎಂದರು. ಆದರೂ ಒಳಗೆ ಹೋಗಿ ಮುದುಕರ ಪಕ್ಕ ಕೂತೆ. ಆಕೆಯ ಹೆಸರು ಹೇಳಿದೆ. ಇಲ್ಲ. ಫೋಟೋ ತೋರಿಸಿದೆ. ಇಲ್ಲ. ಕಿವಿಯ ಹತ್ತಿರ ಬಾಯಿಟ್ಟು ಪ್ರಬಂಧದ ವಿಷಯವನ್ನೇ ಕೂಗಿದೆ: “ಗಡಿ ಠಾಣೆಗಳಲ್ಲಿ ಕಾಯುವವರು!”

ಮುದುಕರು ನೆಟ್ಟಗೆ ಕೂತರು. “ಮೂರನೇ ಅಧ್ಯಾಯ! ಅದನ್ನ ತಿದ್ದು ಅಂದ್ರೆ ನನ್ನ ಜೊತೆ ಎರಡು ಗಂಟೆ ಜಗಳ ಆಡಿದ್ಲಲ್ಲ, ಅವಳಾ? ತಿದ್ದಿದ್ಲಾ?”

“ತಿದ್ದಿದಾರೆ ಸಾರ್!” ಎಂದೆ. ನನಗೇನು ಗೊತ್ತು! ಒಂದು ಸುಳ್ಳು, ದೇವರು ಕ್ಷಮಿಸಲಿ. ಕೂತಲ್ಲೇ ಅರ್ಧ ಪುಟ ಬರೆದರು: ಈಕೆಗೆ ಡಾಕ್ಟರೇಟ್ ಸಲ್ಲಬೇಕೆಂದು ನಾನೇ ಶಿಫಾರಸು ಮಾಡಿದ್ದೆ, ಆದರೆ ಮೂರನೇ ಅಧ್ಯಾಯದ ಬಗ್ಗೆ ನನ್ನ ಆಕ್ಷೇಪಣೆ ಹಾಗೇ ಇದೆ.

ವಾಪಸಿನ ಬಸ್ಸಿಗೆ ಕಾದು ಕಾದು, ಮೂರೂ ಮುಕ್ಕಾಲಿಗೆ ವಿಶ್ವವಿದ್ಯಾಲಯದ ಗೇಟು. ಚಪ್ಪಲಿ ಕಿತ್ತದ್ದು ಆಗಲೇ. ಒಂದನ್ನು ಕೈಯಲ್ಲಿ ಹಿಡಿದೇ ಕುಲಸಚಿವರ ಕೋಣೆಗೆ ನುಗ್ಗಿದೆ. ಅವರು ಪತ್ರವನ್ನು ಎರಡು ಸಲ ಓದಿ, ಆಕ್ಷೇಪಣೆಯ ಸಾಲಿಗೆ ನಕ್ಕು, ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಆಕೆಗೆ ಹೇಳಿದರೆ ಅಳಲಿಲ್ಲ, ನಗಲಿಲ್ಲ. “ಅವರು ಬದುಕಿದಾರಾ?” ಎಂದರು. ಆಮೇಲೆ ನನ್ನ ಕಿತ್ತ ಚಪ್ಪಲಿ ಇಸಕೊಂಡು ತಮ್ಮ ಸೆರಗಿನ ಪಿನ್ನು ತೆಗೆದು ಸರಿ ಮಾಡಿಕೊಟ್ಟರು! ಒಂದನೇ ತಾರೀಖಿನಿಂದ ನನ್ನ ಪಕ್ಕದ ಕೋಣೆಯಲ್ಲಿ ಅವರು.

ಹೊತ್ತು ಹೊತ್ತಿಗೆ ಉಣ್ಣು. ಭಾರ ಎತ್ತುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ನಿನ್ನನ್ನು ಎತ್ತಿ ಆಡಿಸಿದ ಈ ಕೈ ದೂರದಿಂದಲೇ ನಿನ್ನ ತಲೆ ಮೇಲಿದೆ ಎಂದುಕೋ, ತಣ್ಣಗಿರು.

ನಿನ್ನ
ಅಕ್ಕ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದರ ಜೊತೆ ಇನ್ನೊಂದು ಕಾಗದವಿದೆ, ನಿನ್ನ ಜನನ ಪ್ರಮಾಣಪತ್ರ. ಏಳು ವರ್ಷದ ಕೆಳಗೆ, ಅಮ್ಮ ಇನ್ನೂ ಓಡಾಡಿಕೊಂಡಿದ್ದಾಗ, ಅಲ್ಲಿ ನೆಲೆಸುವ ಅರ್ಜಿಗೆ ಇದು ಬೇಕೆಂದು ನೀನು ಕೇಳಿದ್ದೆ. ಜನನ ನೋಂದಣಿ ಕಚೇರಿಯ ಹಳೆಯ ದಾಖಲೆಗಳೆಲ್ಲ ಹಾಳಾಗಿದ್ದವು. ಇರುವುದು ಇದೊಂದೇ ಪ್ರತಿ. ಹುಡುಕಿದೆ, ಸಿಗಲಿಲ್ಲ ಎಂದು ನಿನಗೆ ಬರೆದೆ. ನಾನು ಹುಡುಕಲೇ ಇಲ್ಲ ಪುಟ್ಟಾ. ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನೆಲೆಸುವ ಅನುಮತಿ ಸಿಕ್ಕರೆ ನೀನು ಅಲ್ಲಿಯವನೇ ಆಗಿಬಿಡುತ್ತೀಯ, ಸಿಗದಿದ್ದರೆ ಬೇಸತ್ತು ಮನೆಗೆ ಬರುತ್ತೀಯ ಎಂದುಕೊಂಡೆ. ಮರುವರ್ಷ ಅಮ್ಮ ತೀರಿಕೊಂಡಳು. ನಿನಗೆ ಬರಲಾಗಲಿಲ್ಲ. ನೆಂಟರ ಮುಂದೆ ನಾನು ನಿನ್ನನ್ನೇ ದೂರಿದೆ. ಅರ್ಜಿಗೆ ಈಗಲೂ ಅವಕಾಶವಿದೆಯೋ ಇಲ್ಲವೋ ತಿಳಿಯದು. ಯಾರ ವಿಷಯ ಎಂದು ಹೇಳದೆ ನಮ್ಮ ಹೊಸ ಮೇಷ್ಟರಮ್ಮನನ್ನು ಕೇಳಿದೆ. “ಮೊದಲು ಕಳಿಸಿ,” ಎಂದರು. ಬೈದಾದರೂ ಬರಿ, ಆದರೆ ಬರಿ.