ಜೇನಿನ ಬಟ್ಟಲು

ಕೌಲ್‌ಬಜಾರ್, ಬಳ್ಳಾರಿ
೧೩ ಆಗಸ್ಟ್ ೨೦೨೫, ಬುಧವಾರ

ಪ್ರೀತಿಯ ಚನ್ನಣ್ಣಾ,

ನಿನ್ನ ತಂಗಿ ಅಂಜನಾಳ ನಮಸ್ಕಾರ. ಸೊಲ್ಲಾಪುರದಲ್ಲಿ ಹೇಗಿದ್ದೀಯ? ನಡುನೋವು ಕಡಿಮೆಯಾಯಿತೇ? ಇಡೀ ದಿನ ಕುಕ್ಕರಗಾಲಲ್ಲಿ ಕೂತು ಮೋಟಾರಿಗೆ ತಂತಿ ಸುತ್ತುವವನಿಗೆ ನಡು ನೋಯದೆ ಇನ್ನೇನಾಗುತ್ತದೆ? ಒಂದು ಮಣೆಯಾದರೂ ಮಾಡಿಸಿಕೋ. ನಿನಗೂ ನಲವತ್ತು ದಾಟಿತು, ರಕ್ತದ ಸಕ್ಕರೆ ನೋಡಿಸಿದ್ದೀಯಾ? ನೋಡಿಸಿರುವುದಿಲ್ಲ, ನನಗೆ ಗೊತ್ತು. ಊರವರ ಬೆರಳನ್ನೆಲ್ಲ ಚುಚ್ಚುವವಳ ಸ್ವಂತ ಅಣ್ಣನೇ ಬೆರಳು ಮುಚ್ಚಿಕೊಂಡು ಕೂತಿದ್ದಾನೆ, ದೀಪದ ಬುಡದಲ್ಲಿ ಕತ್ತಲೆ. ಫೋನು ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕಬೇಕಾದರೂ ಕೈಯಲ್ಲಿ ಹಿಡಿಯಲೇಬೇಕಲ್ಲ.

ಅಮ್ಮ ಆರಾಮಾಗಿದ್ದಾಳೆ. ಮೊಣಕಾಲು ಮಾತ್ರ ಮಳೆಗಾಲದಲ್ಲಿ ಅವಳ ಮಾತು ಕೇಳುವುದಿಲ್ಲ. ನಾನು ಸಕ್ಕರೆ ಕಾಯಿಲೆಯವರಿಗೆ ನೆರವಾಗುವ ಈ ಸಂಸ್ಥೆಗೆ ಸೇರಿ ಎರಡು ವರ್ಷವಾಯಿತು. ಮಂಗಳವಾರ ಸಿರುಗುಪ್ಪದ ಕಡೆ, ಗುರುವಾರ ಕುರುಗೋಡಿನ ಕಡೆ ನಮ್ಮ ಜೀಪು ಹೋಗುತ್ತದೆ. ಓಡಿಸುವವನು ಹುಲಿಗೇಶ್, ದಾರಿಗೆ ಎಮ್ಮೆ ಅಡ್ಡ ಬಂದರೆ ಅದಕ್ಕೂ ‘ಸರೀರಿ’ ಎಂದು ಮರ್ಯಾದೆ ಕೊಟ್ಟು ಮಾತಾಡಿಸುವ ಮನುಷ್ಯ. ಪಾದ ನೋಡುವುದು, ಸಕ್ಕರೆ ಅಳೆಯುವುದು, ಇನ್ಸುಲಿನ್ ಸೂಜಿ ಹಾಕಿಕೊಳ್ಳುವುದನ್ನು ಕಲಿಸುವುದು, ಇಷ್ಟೇ ನನ್ನ ಕೆಲಸ. ಹಚ್ಚೊಳ್ಳಿಯಲ್ಲಿ ಹನುಮಮ್ಮ ಎಂಬಾಕೆ ಇದ್ದಾಳೆ, ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಚ್ಚುವವಳು. ಮನೆಯಲ್ಲಿ ಫ್ರಿಜ್ ಇಲ್ಲ. ಎರಡು ಮಡಕೆಗಳ ನಡುವೆ ಹಸಿ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಔಷಧದ ಶೀಶೆ ಇಡಲು ಹೇಳಿಕೊಟ್ಟಿದ್ದೆ. ಮುಂದಿನ ಸಲ ಹೋಗಿ ನೋಡಿದರೆ ಮಡಕೆಗೆ ಅರಿಶಿನ, ಕುಂಕುಮ, ಮೇಲೊಂದು ದಾಸವಾಳ. ‘ಜೀವಾ ಕಾಯೂದು ದೇವ್ರ ಅಲ್ಲೇನವ್ವಾ’ ಎಂದಳು. ಅವಳ ಜೊತೆ ನಾನೂ ನಕ್ಕೆ. ಜೀಪು ಹತ್ತಿದ ಮೇಲೆ ಅಳು ತಡೆಯಲಿಲ್ಲ.

ಯಾಕೆಂದು ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಹೇಳಲಿ? ಯಾವ ಮನೆಯ ಹೊಸ್ತಿಲು ದಾಟಿದರೂ ಅಪ್ಪ ನನಗಿಂತ ಮೊದಲೇ ಒಳಗೆ ಬಂದು ಕೂತಿರುತ್ತಾನೆ. ಬರಿಮೈ, ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ತುಟಿಯಲ್ಲಿ ಮಂತ್ರ. ಒಂದೊಂದು ಬಿಲ್ವದ ಎಲೆಗೂ ಒಂದೊಂದು ಸಲ ‘ನಮಃ ಶಿವಾಯ’ ಅನ್ನುತ್ತಿದ್ದನಲ್ಲ, ಆ ಮಣಮಣ ದನಿ ಕೇಳುತ್ತದೆ. ಕೇಳಿದರೆ ಹೆದರಿಕೆಯಿಲ್ಲ ಅಣ್ಣಾ, ಅದು ನಿಲ್ಲುತ್ತದೆ ನೋಡು, ಆಗ ಹೆದರಿಕೆ. ಮನೆಯಲ್ಲಿ ಬೆಳಗಿನ ಎಂಟು ಗಂಟೆಯೆಂದರೆ ಈಗಲೂ ನನ್ನ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಅಮ್ಮ ಆ ಹೊತ್ತಿಗೆ ಮಿಕ್ಸಿ ತಿರುಗಿಸುವುದಿಲ್ಲ, ರೇಡಿಯೊ ಹಚ್ಚುವುದಿಲ್ಲ. ಯಾಕೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಿಲ್ಲ. ನಮ್ಮ ಸಂಸ್ಥೆ ಹಂಚುವ ಕಾಗದದಲ್ಲಿ ಅಚ್ಚಾದ ಪಾಠ ಹೀಗಿದೆ: ಸೂಜಿ, ಆಮೇಲೆ ಅರ್ಧ ಗಂಟೆ, ಆಮೇಲೆ ಊಟ. ಎಲ್ಲರ ಮನೆಯಲ್ಲೂ ಸೂಜಿ ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಪೂಜೆ ಎಷ್ಟು ಹೊತ್ತು ಎಂದು ಕೇಳುವುದಿಲ್ಲ. ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಒಂದು ಪ್ರಶ್ನೆ ಕೇಳಲು ನಾಲಿಗೆ ಏಳಲಿಲ್ಲ.

ಅಪ್ಪನ ಆ ಕಡೆಯ ದಿನದ ಬಗ್ಗೆ ನಿನ್ನ ಮನಸ್ಸಿನಲ್ಲಿರುವುದು ಏನೆಂದು ನನಗೆ ಗೊತ್ತು. ಆರು ವರ್ಷದ ಹಿಂದೆ, ಶ್ರಾವಣದ ಭಾನುವಾರ ಸಂಜೆ, ಸಕ್ಕರೆ ಕಾಯಿಲೆಯಿದ್ದೂ ಅವನು ವಿಭೂತಿ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಿದ್ದ ಜಿಲೇಬಿ ಪೊಟ್ಟಣ ನಿನ್ನ ಕೈಗೆ ಸಿಕ್ಕಿತು. ತೆಗೆದು ಗಟಾರಕ್ಕೆ ಒಗೆದೆ. ‘ನನ್ನ ಬಾಯಿ, ನನ್ನ ಹೊಟ್ಟಿ, ನೀ ಯಾವಂವಲೇ ಕೇಳಾಕ’ ಎಂದ ಅಪ್ಪ. ‘ಹಂಗಾರ ತಿಂದ ಸಾಯಿ’ ಎಂದು ಹೇಳಿ ನೀನು ಹೊರಟೆ, ಗೆಳೆಯನ ಮನೆಯಲ್ಲಿ ಮಲಗಿದೆ. ಸೋಮವಾರ ಒಂಬತ್ತಕ್ಕೆ ಅಮ್ಮ ಉಪ್ಪಿಟ್ಟು ಆರಿತೆಂದು ದೇವರ ಕೋಣೆಗೆ ಇಣುಕಿದಾಗ ಅಪ್ಪ ಗೋಡೆಗೆ ಒರಗಿದ್ದ. ಲಿಂಗ ಮುಷ್ಟಿಯಲ್ಲೇ ಇತ್ತು. ಮೈಯೆಲ್ಲ ನೀರು. ಬಂದವರೆಲ್ಲ ಅಭಿಷೇಕದ ನೀರೆಂದರು, ಪೂಜೆಯಲ್ಲೇ ಲಿಂಗೈಕ್ಯನಾದ ವಿರೂಪಾಕ್ಷಪ್ಪನಂಥ ಪುಣ್ಯ ಯಾರಿಗುಂಟು ಎಂದರು. ಕೂಡ್ರಿಸಿ ಮಣ್ಣು ಮಾಡಿ ಬಂದ ದಿನ ನೀನು ನನ್ನ ಹತ್ತಿರ ಬಂದು ‘ನನ್ನ ಬಾಯಾಗಿಂದು ತಾಗಿತವಾ’ ಎಂದೆ. ಮೂರು ದಿನದ ಕಾರ್ಯ ಮುಗಿಸಿ ರೈಲು ಹತ್ತಿದವನು ಮತ್ತೆ ಈ ಮನೆಯ ಬಾಗಿಲು ನೋಡಿಲ್ಲ. ಅಮ್ಮ ಹಬ್ಬಕ್ಕೊಮ್ಮೆ ನಿನ್ನ ತಾಟು ತೊಳೆದು ಮತ್ತೆ ನೆಲುವಿನ ಮೇಲೆ ಇಡುತ್ತಾಳೆ.

ಈಗ ಮೊನ್ನೆ ಸೋಮವಾರದ ಸುದ್ದಿ ಹೇಳುತ್ತೇನೆ. ಕುರುಗೋಡು ಕಡೆಯ ಬಾದನಹಟ್ಟಿಯಲ್ಲಿ ಮರಿಬಸಪ್ಪ ಎಂಬ ಹಿರಿಯರು, ನಮ್ಮಂತೆಯೇ ಲಿಂಗ ಕಟ್ಟಿಕೊಂಡವರು. ಅವರಿಗೆ ಸೂಜಿ ಹಾಕುವುದನ್ನು ಹೆಂಡತಿ ಸತ್ಯಮ್ಮನಿಗೆ ಆಷಾಢದಲ್ಲಿ ನಾನೇ ಕಲಿಸಿದ್ದೆ. ಬೆಳಿಗ್ಗೆ ಎಂಟು ದಾಟಿತ್ತು, ಆಕೆಯ ಫೋನು ಬಂತು. ‘ಅಕ್ಕಾರ, ಇವ್ರು ಪೂಜಿಗೆ ಕುಂತಾರ, ದನಿ ನಿಂತು ಭಾಳ ಹೊತ್ತಾತು. ಮೈ ಬೆವತು ನೀರಾಗೇತಿ. ಮುಟ್ಟಬೌದೇನ್ರಿ?’ ಅಣ್ಣಾ, ಗಂಡ ಕಣ್ಣೆದುರು ಹೋಗುತ್ತಿದ್ದರೂ ಪೂಜೆಗೆ ಕೂತವನನ್ನು ಮುಟ್ಟಬಹುದೇ ಎಂದು ಕೇಳುವ ಜನ ನಾವು. ಸೂಜಿಯಾಗಿ ಹೊಟ್ಟೆಗೆ ಏನೂ ಬೀಳದೆ ಸಕ್ಕರೆ ಕುಸಿದರೆ ಹಾಗೆ ಬೆವರುತ್ತದೆ. ನಾನು ಕಿರುಚಿದೆ. ಮುಟ್ಟಿರಿ, ಮಗ್ಗುಲಿಗೆ ಮಲಗಿಸಿರಿ, ಪಕ್ಕದಲ್ಲಿ ಜೇನುತುಪ್ಪದ ಬಟ್ಟಲು ಇರುತ್ತದೆ ನೋಡಿರಿ, ಬೆರಳಿಗೆ ಹಚ್ಚಿಕೊಂಡು ಕೆನ್ನೆಯ ಒಳಗೆ ಸವರಿರಿ ಎಂದೆ. ‘ಅದು ಅಭಿಷೇಕದ್ದು, ಲಿಂಗಕ್ಕ ಇನ್ನಾ ಆಗಿಲ್ಲರೀ’ ಎಂದಳು. ‘ಲಿಂಗಕ್ಕ ನಾಳೆ ಆದ್ರೂ ನಡಿತೈತಿ, ನಿಮ್ಮ ಯಜಮಾನ್ರಿಗೆ ನಾಳೆ ಅನ್ನೂದು ಇಲ್ಲ’ ಎಂದೆ. ಆಮೇಲೆ ಬರೀ ಬಳೆಗಳ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತೋ. ಕೊನೆಗೆ ಒಂದು ಗಂಡು ದನಿ, ಎಲ್ಲಿಂದಲೋ ಎದ್ದು ಬಂದಂತೆ, ‘ಪೂಜಿ ಮುಗದಿಲ್ಲ, ಬಾಯಿ ಯಾಕ ಎಂಜಲಾ ಮಾಡಿದಿ?’ ಎಂದು ಬೈಯಿತು. ಅಷ್ಟು ಚೆಂದದ ಬೈಗುಳ ನಾನು ಕೇಳಿಲ್ಲ. ಆಂಬುಲೆನ್ಸು ಬಂತು, ಕುರುಗೋಡಿಗೆ ಕರೆದೊಯ್ದರು, ಈಗ ಹುಷಾರಾಗಿದ್ದಾರೆ. ಸತ್ಯಮ್ಮ ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು: ಏಳಕ್ಕೆ ಸೂಜಿ. ಶ್ರಾವಣ ಸೋಮವಾರದ ಪೂಜೆ ಎರಡು ಗಂಟೆ ಹಿಡಿಯುತ್ತದೆಂದು ಅವಳು ನನಗೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ತಪ್ಪು ನನ್ನದು.

ಫೋನು ಇಟ್ಟು ತಿರುಗಿದರೆ ಅಮ್ಮ ಹಿಂದೆ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಆ ದಿನ ರೊಟ್ಟಿ ಎರಡು ಸೀದವು. ಅಮ್ಮನ ಕೈಯಲ್ಲಿ ರೊಟ್ಟಿ ಸೀದದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ? ನಿನ್ನೆ ದೇವರ ಕೋಣೆ ಒರೆಸುತ್ತ, ನನ್ನ ಮುಖ ನೋಡದೆ, ‘ಅವತ್ತ ನಿಮ್ಮಪ್ಪನ ಮೈನೂ ಹಂಗ ಬೆವತಿತ್ತಲ್ಲವಾ?’ ಎಂದಳು. ನನಗೆ ತಡವಾಗಿದೆ ಎಂದು ಹೇಳಿ ಸಿರುಗುಪ್ಪದ ಜೀಪು ಹತ್ತಿದೆ. ನನಗೆ ಯಾವಾಗಲೂ ತಡವಾಗಿರುತ್ತದೆ.

ಇವತ್ತು ಸಂಸ್ಥೆಯವರ ಮುಂದೆ ಹೇಳಿ ಪಾಠದ ಕಾಗದ ತಿದ್ದಿಸುತ್ತೇನೆ. ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ಊಟ. ನೀನು ಹೊತ್ತು ಹೊತ್ತಿಗೆ ಉಣ್ಣು. ಮಣೆ ಮಾಡಿಸಿಕೋ. ಅಮ್ಮನ ಆಶೀರ್ವಾದಗಳು ನಾನು ಕೇಳದೆಯೇ ಇದರೊಳಗೆ ಸೇರಿವೆ. ನಿನಗೆ ಬರೆಯುತ್ತಿದ್ದೇನೆಂದು ಅವಳಿಗೆ ಹೇಳಿಲ್ಲ, ಆದರೆ ಬೆಳಿಗ್ಗೆಯಿಂದ ಎರಡು ಸಲ ಚಹಾ ತಂದಿಟ್ಟು ಹೋಗಿದ್ದಾಳೆ.

ನಿನ್ನ ಜಗಳಗಂಟಿ ತಂಗಿ,
ಅಂಜನಾ

ತಾ.ಕ.: ಹೊರಗೆ ಹುಲಿಗೇಶ್ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಿದರೆ ಮೇಲೆ ಬರೆದದ್ದಕ್ಕೆ ಅರ್ಥವಿಲ್ಲ. ಅವತ್ತು ಅಪ್ಪನಿಗೆ ಸೂಜಿ ಹಾಕಿದವಳು ನಾನು. ‘ಇವತ್ತ ನೂರಾ ಎಂಟು ಪತ್ರಿ ಅದಾವ, ತಡಾ ಆಕೈತಿ, ಸೂಜಿ ಪೂಜಿ ಆದಮ್ಯಾಲೆ ಹಾಕವಾ’ ಎಂದ. ಸಿರುಗುಪ್ಪದ ಶಾಲೆಯಲ್ಲಿ ನನಗೆ ಸಂದರ್ಶನವಿತ್ತು. ‘ನನಗ ಬಸ್ಸು ತಪ್ಪತೈತಿ, ಸುಮ್ನ ಹೊಟ್ಟಿ ತೋರ್ಸು’ ಎಂದೆ. ತೋರಿಸಿದ. ಹಿಂದಿನ ವಾರವಷ್ಟೇ ಡೋಸು ಏರಿಸಿದ್ದರು. ಎಂಟಕ್ಕೆ ಚಪ್ಪಲಿ ಮೆಟ್ಟುವಾಗ ದನಿ ನಿಂತದ್ದು ನನಗೆ ಕೇಳಿಸಿತು. ಧ್ಯಾನಕ್ಕೆ ಕೂತ ಎಂದುಕೊಂಡು ಬಸ್ಸಿಗೆ ಓಡಿದೆ. ಅವನ ಮೊಣಕಾಲಿನ ಪಕ್ಕ ಜೇನಿನ ಬಟ್ಟಲು ಇತ್ತು, ನಾನೇ ತುಂಬಿಸಿ ಇಟ್ಟದ್ದು, ಸಂಜೆಗೂ ಹಾಗೇ ತುಂಬಿತ್ತು. ಆ ಬೆವರು ಏನೆಂದು ಸಂಸ್ಥೆಯ ತರಬೇತಿಯಲ್ಲಿ ಎರಡು ವರ್ಷದ ಹಿಂದೆ ತಿಳಿಯಿತು. ತಿಳಿದೂ ನಿನ್ನ ಮಾತೇ ತಾಗಿತೆಂಬ ನಂಬಿಕೆಯಲ್ಲೇ ನಿನ್ನನ್ನು ಬಿಟ್ಟೆ. ಖಾತ್ರಿ ಹೇಳುವವರು ಈಗ ಯಾರೂ ಇಲ್ಲ, ಆದರೆ ನನಗೆ ಖಾತ್ರಿಯಿದೆ. ನೀನು ಸಿಟ್ಟಿನಲ್ಲಿ ಹೋದ ಮೇಲೆ ಅಪ್ಪ ಏನೆಂದ ಗೊತ್ತೇ? ‘ನನ್ನ ಮಗಾ, ನನ್ನದ ಸಿಟ್ಟು’ ಎಂದು ನಕ್ಕ, ಜಿಲೇಬಿ ಹೋಯಿತೆಂದು ಮರುಗಿದ, ರೊಟ್ಟಿ ತಿಂದು ಮಲಗಿದ. ಅಪ್ಪ ತಿಂದು ಸಾಯಲಿಲ್ಲ ಅಣ್ಣಾ, ತಿನ್ನದೆ ಸತ್ತ. ಈ ಕಾಗದ ಡಬ್ಬಿಗೆ ಹಾಕಿ, ಸಂಜೆ ಮನೆಗೆ ಬಂದು ಅಮ್ಮನಿಗೂ ಹೇಳುತ್ತೇನೆ. ಬರುವ ಸೋಮವಾರ ಶ್ರಾವಣದ ಕೊನೆಯ ಸೋಮವಾರ. ಬೈಯಲಿಕ್ಕಾದರೂ ಬಾ.